ಬದು ಹಿಡಿದು ಹೋದ ಗೆರೆ

ನಮ್ಮ ಅಡುಗೆಮನೆ ಶೆಲ್ಫಿಗೆ ಹಾಸಿರೋದು ಐರ್ಲೆಂಡು. ನಗಬೇಡಿ, ನಿಜವಾಗ್ಲೂ. ಮೈಸೂರಿನಲ್ಲಿ ನಮ್ಮಮ್ಮ ಡಬ್ಬಗಳ ಕೆಳಗೆ ಹಳೇ ಪೇಪರ್ ಹಾಸ್ತಿದ್ದಳು. ಈ ದೋಹಾದಲ್ಲಿ ಕನ್ನಡ ಪೇಪರಿಗೆ ನಾನೆಲ್ಲಿಗೆ ಹೋಗ್ಲಿ? ನಮ್ಮ ಆಫೀಸಿನಲ್ಲಿ ನಕ್ಷೆ ಛಾಪಿಸೋ ಪ್ಲಾಟರ್ ಒಂದಿದೆ, ವಾರಕ್ಕೆ ನಾಲ್ಕು ಹಾಳೆಯಾದ್ರೂ ಕೆಡಿಸದೆ ಇದ್ದರೆ ಅದಕ್ಕೆ ಸಮಾಧಾನ ಇಲ್ಲ. ಕೆಟ್ಟ ಹಾಳೆಯನ್ನೆಲ್ಲ ಸುರುಳಿ ಸುತ್ತಿ ಮನೆಗೆ ತರ್ತಿದ್ದೆ. ದಪ್ಪ ಕಾಗದ, ಒಳ್ಳೇ ಬಿಳುಪು, ಎಣ್ಣೆ ಬಿದ್ದರೂ ಬೇಗ ಹರಿಯಲ್ಲ. ಹೀಗಾಗಿ ನಮ್ಮನೆ ಸಾರಿನಪುಡಿ ಡಬ್ಬ ಒಂದು ಕೌಂಟಿಯಲ್ಲಿ ಕೂತಿದೆ, ಹುಣಿಸೇಹಣ್ಣಿನ ಭರಣಿ ಇನ್ನೊಂದು ಕೌಂಟಿಯಲ್ಲಿ. ಮಧ್ಯದಲ್ಲಿ ಒಂದು ನದಿ, ನದಿಗೊಂದು ಸೇತುವೆ.

ಈ ಶುಕ್ರವಾರ ಬೆಳಿಗ್ಗೆ ಶೆಲ್ಫ್ ಒರೆಸೋಣ ಅಂತ ತೊಗರಿಬೇಳೆ ಡಬ್ಬ ಎತ್ತಿದೆ. ಕೆಳಗೆ ಅದೇ ಊರು. ಎಷ್ಟು ಸಲ ನೋಡಿದ್ದೀನಿ, ಆದರೂ ಎದೆ ಧಸಕ್ ಅಂತು. ಯಾಕಂದ್ರೆ ಮಧ್ಯಾಹ್ನ ಊಟಕ್ಕೆ ಆ ಊರಿನವರೇ ಬರೋದಿತ್ತು. ಮಿಸ್ಟರ್ ಕಾನರ್. ಇಲ್ಲಿನ ಪದ್ಧತಿ ಅದು, ಸ್ವಂತ ಹೆಸರಿಗೇ ಮಿಸ್ಟರ್ ಅಂಟಿಸೋದು. ಮೊದಲು ನನ್ನ ಮೇಲಧಿಕಾರಿಯಾಗಿದ್ದವರು, ಈಗ ನಮ್ಮ ಕಟ್ಟಡದಿಂದ ಎರಡು ಕಟ್ಟಡ ಆಚೆ ಒಂದು ರೂಮಿನಲ್ಲಿ ಇದ್ದಾರೆ. ವಾರ ಬಿಟ್ಟು ವಾರ ನಮ್ಮಲ್ಲಿ ಬಿಸಿಬೇಳೆಬಾತ್ ತಿಂದು ಹೋಗ್ತಾರೆ.

ನಿಮ್ಮ ಹತ್ತಿರ ಮುಚ್ಚುಮರೆ ಏನು? ಮೊದಲೇ ಹೇಳಿಬಿಡ್ತೀನಿ. ಅವರ ಮನೆಯನ್ನು ಅವರ ಊರಿನಿಂದ ಆಚೆ ಹಾಕಿದವಳು ನಾನು. ಅದು ಅವರಿಗೆ ಗೊತ್ತಿಲ್ಲ. ತಾವೇ ಹಾಕಿಕೊಂಡೆ ಅಂತ ನಂಬಿದ್ದಾರೆ. ಅವರು ಊಟಕ್ಕೆ ಬರೋ ಪ್ರತಿ ಶುಕ್ರವಾರವೂ ಇವತ್ತು ಹೇಳೇ ಹೇಳ್ತೀನಿ ಅಂತ ಅಕ್ಕಿ ತೊಳೀತೀನಿ, ಅವರು ಕೈ ತೊಳ್ಕೊಂಡು ಥ್ಯಾಂಕ್ಸ್ ಹೇಳಿ ಹೊರಟುಹೋಗ್ತಾರೆ.

ಐರ್ಲೆಂಡಿನ ಊರುಗಳು ದೋಹಾದ ಈ ಮುಶೈರಿಬ್ ಪೇಟೆಗೆ ಬಂದದ್ದು ಹೇಗೆ ಅಂತೀರಾ? ನಮ್ಮದು ಅಲ್ಲಿನ ಕಂಪನಿ. ಇಲ್ಲಿ ರಸ್ತೆ, ಚರಂಡಿ ಕೆಲಸಕ್ಕೆ ಅಂತ ಬಂದು ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಆಫೀಸು ತೆರೆದಿತ್ತು. ಕೆಳಗೆ ವಾಚ್ ರಿಪೇರಿ ಅಂಗಡಿ. ಆ ಕಾಲಕ್ಕೆ ಐರ್ಲೆಂಡಿನವರಿಗೆ ಮನೆ ಕಟ್ಟೋ ಹುಚ್ಚು ಹಿಡಿದಿತ್ತು. ಅಲ್ಲಿ ನಕ್ಷೆ ಬರೆಯೋ ಕೈಗಳೇ ಸಾಲದೆ ಅವರ ಊರುಗಳ ಕೆಲಸವನ್ನೂ ನಮ್ಮ ಕಡೆ ತಳ್ಳಿದರು. ನಾನು ಡ್ರಾಫ್ಟಿಂಗು. ಉಡುಪಿ ಕಡೆಯ ಸದಾನಂದ ಶೆಟ್ರು ಬಂದ ಕಾಗದ, ಹೋದ ಕಾಗದ ನೋಡಿಕೊಳ್ಳೋರು. "ಎಂಥದು ಮೇಡಂ ಇದು? ನಾವು ಸರಿಯಾದ ಒಂದು ಮಳೆ ನೋಡದೆ ಎರಡು ವರ್ಷ ಆಯ್ತು. ಇಲ್ಲಿ ಕೂತು ಅವರ ಊರಿನ ಮಳೆನೀರು ಎಲ್ಲಿ ಹೋಗ್ಬೇಕು ಅಂತ ಗೆರೆ ಹಾಕ್ತಾ ಇದ್ದೇವೆ" ಅಂತ ಪ್ಲಾಟರಿಗೆ ಕಾಗದ ತುರುಕುತ್ತಾ ಗೊಣಗೋರು.

ಅದಕ್ಕಿಂತ ತಮಾಷೆ ಏನು ಗೊತ್ತಾ, ನನಗೇ ಇಲ್ಲಿ ವಿಳಾಸ ಇಲ್ಲ. ಕಾಗದ ಪತ್ರಕ್ಕೆ ಆಫೀಸಿನ ಪೋಸ್ಟ್ ಬಾಕ್ಸ್ ನಂಬರು. ಟ್ಯಾಕ್ಸಿಯವನಿಗೆ "ಅಲ್ ಮುಂತಜಾ, ಪಾರ್ಕಿನ ಹಿಂದೆ, ಹಸಿರು ಬೋರ್ಡಿನ ಬೇಕರಿ ಎದುರು" ಅನ್ನಬೇಕು. ಬೇಕರಿಯವನು ಒಂದು ಸಲ ಬೋರ್ಡಿಗೆ ನೀಲಿ ಬಣ್ಣ ಬಳಿಸಿದ, ಒಂದು ತಿಂಗಳು ಮನೆಗೆ ಯಾರೂ ಬರಲಿಲ್ಲ. ನಮ್ಮನೆಯವರಂತೂ ವಾರವಿಡೀ ಅಲ್ ಖೋರ್‌ನ ಕಂಪನಿ ಕ್ವಾರ್ಟರ್ಸಿನಲ್ಲಿ. ಅವರು ಕೆಲಸ ಮಾಡೋ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗೆ ಅಲ್ಲಿಂದಲೇ ಬಸ್ಸು. ಗುರುವಾರ ಸಂಜೆ ಮನೆಗೆ ಬಂದು ಶನಿವಾರ ಸಂಜೆ ಮತ್ತೆ ಹೊರಡ್ತಾರೆ. ಇಂಥ ನಾನು ಇನ್ಯಾರದೋ ಊರು ಎಲ್ಲಿಂದ ಎಲ್ಲಿಯವರೆಗೆ ಅಂತ ಕೂದಲೆಳೆಯಷ್ಟು ತಪ್ಪಿಲ್ಲದೆ ಬರೀತಿದ್ದೆ.

ಆದರೂ ಆ ಕೆಲಸ ನನಗೆ ಇಷ್ಟ ಇತ್ತು, ಸುಳ್ಳು ಯಾಕೆ ಹೇಳ್ಲಿ. ನಮ್ಮಣ್ಣ ಸರ್ವೆಯರು. ಅಣ್ಣ ಅಂದರೆ ಅಪ್ಪ, ನಮ್ಮ ಮನೆಯಲ್ಲಿ ಹಾಗೇ ಕರೆಯೋದು. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಕೆಲಸ, ಸೈಕಲ್ಲಿನ ಹಿಂದೆ ಸರಪಳಿ ಕಟ್ಟಿಕೊಂಡು ಹೋಗೋರು. ಅಳತೆಗೆ ಮೂವತ್ತಮೂರು ಅಡಿಯ ಸರಪಳಿ, ಅದರಲ್ಲಿ ಆಣೆ ಅಂತ ಹದಿನಾರು ಭಾಗ. ಬೇಸಿಗೆ ರಜದಲ್ಲಿ ನಾನೂ ಹಟ ಮಾಡಿ ಬಾರ್ ಮೇಲೆ ಕೂತು ಹೋಗ್ತಿದ್ದೆ. ಹೊಲದಲ್ಲಿ ದಾಯಾದಿಗಳಿಬ್ಬರು ಮುಖ ಊದಿಸಿಕೊಂಡು ಎರಡು ಕಡೆ ನಿಂತಿರೋರು. ಇಬ್ಬರೂ ಎಳನೀರು ಕೆತ್ತಿ ಹಿಡಿಯೋರು, ಅಣ್ಣ ಯಾರದ್ದೂ ಮುಟ್ಟುತ್ತಿರಲಿಲ್ಲ. ನನಗೋ ಬಾಯಾರಿ ಸಾಯೋ ಹಾಗಾಗಿರೋದು. ಕೆಲಸ ಮುಗಿದ ಮೇಲೆ ಇಬ್ಬರ ಎಳನೀರನ್ನೂ ನಾನೇ ಕುಡೀತಿದ್ದೆ. ದಾರಿಯಲ್ಲಿ ಸೈಕಲ್ ತಳ್ಳುತ್ತಾ ಅಣ್ಣ ಹೇಳೋರು: "ನೋಡು ಮಗು, ಗಡಿ ಅಂದ್ರೆ ಬದು ಹಿಡಿದು ಹೋಗಬೇಕು. ಉಳೋ ಹೊಲದ ಮಧ್ಯೆ ಹೋಗೋ ಗೆರೆ ಇದೆಯಲ್ಲ, ಅದು ಕಚೇರಿಯಲ್ಲಿ ಕೂತೋನು ಎಳೆದದ್ದು. ನಾಳೆ ಅಲ್ಲಿ ತಲೆ ಒಡೆಯತ್ತೆ." ಈ ಮಾತನ್ನು ಎಷ್ಟು ಸಲ ಕೇಳಿದ್ದೆ ಅಂದ್ರೆ, ಶಾಲೆಯಲ್ಲಿ ಭಾರತದ ನಕ್ಷೆ ಬರೆಸಿದಾಗ ರಾಜ್ಯಗಳ ಗಡಿಯಲ್ಲಿ ಬದು ಎಲ್ಲಿದೆ ಅಂತ ಮೇಷ್ಟ್ರನ್ನ ಕೇಳಿ ಬೈಸಿಕೊಂಡಿದ್ದೆ.

ಮಿಸ್ಟರ್ ಕಾನರ್‌ಗೆ ಅಣ್ಣನ ಕಥೆ ಅಂದರೆ ಪ್ರಾಣ. ಐವತ್ತೇಳು ವರ್ಷದ ಮನುಷ್ಯ, ಕೆಂಚು ಹುಬ್ಬು, ದಿನಕ್ಕೆ ಎಂಟು ಲೋಟ ಚಹಾ. ಅವರು ಆಡಿದ್ದೆಲ್ಲ ಇಂಗ್ಲಿಷು, ನಾನು ನನ್ನ ಮೈಸೂರು ಕನ್ನಡದಲ್ಲೇ ಹೇಳ್ತಿದ್ದೀನಿ. ನನಗೆ ಐರ್ಲೆಂಡಿನ ಗಡಿ ಕಲಿಸಿದವರು ಅವರೇ. ಕೌಂಟಿ ಅಂದರೆ ಜಿಲ್ಲೆ ಅನ್ನಿ. ಅದರೊಳಗೆ ಬ್ಯಾರನಿ ಅಂತ, ನಮ್ಮ ಹೋಬಳಿ ಥರ. ಅದಕ್ಕೆ ಈಗ ಕಚೇರಿ ಇಲ್ಲ, ಅಧಿಕಾರಿ ಇಲ್ಲ, ಕೇಳೋರೂ ಇಲ್ಲ, ಗೆರೆ ಮಾತ್ರ ಇದೆ. ಅದರೊಳಗೆ ಪ್ಯಾರಿಷ್ಷು, ಚರ್ಚಿನ ಕಾಲದ್ದು. ಕಟ್ಟಕಡೆಗೆ ಟೌನ್‌ಲ್ಯಾಂಡು. ಹೆಸರು ಕೇಳಿ ಪಟ್ಟಣ ಅಂದ್ಕೋಬೇಡಿ, ಬರೀ ಹೊಲ, ಹುಲ್ಲು. ಒಂದು ಮನೆಯೂ ಇಲ್ಲದ ಟೌನ್‌ಲ್ಯಾಂಡೂ ಇರತ್ತಂತೆ, ಹೆಸರು ಮಾತ್ರ ಗಟ್ಟಿಯಾಗಿ ಇರತ್ತಂತೆ. "ನಮ್ಮಲ್ಲೂ ಇದೆ ಸರ್, ಬೇಚರಾಕ್ ಗ್ರಾಮ ಅಂತೀವಿ. ಜನ ಎಲ್ಲ ಬಿಟ್ಟು ಹೋಗಿರ್ತಾರೆ, ಕಂದಾಯದ ದಾಖಲೆಯಲ್ಲಿ ಊರು ಇನ್ನೂ ಇರತ್ತೆ" ಅಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಆ ಪದವನ್ನು ಮೂರು ಸಲ ಹೇಳಿಸಿ ಡೈರಿಯಲ್ಲಿ ಬರ್ಕೊಂಡರು. "ವನಜಾ, ನಿಮ್ಮಪ್ಪನೂ ನಾನೂ ಒಂದು ಸಂಜೆ ಕೂತು ಮಾತಾಡಬೇಕಿತ್ತು" ಅಂದರು. ಅಣ್ಣ ಹೋಗಿ ಆಗ ಆರು ವರ್ಷವಾಗಿತ್ತು.

ಅಲ್ಲಿನ ಹಳೇ ಹಾಳೆಗಳನ್ನು ನೀವು ನೋಡಬೇಕು. ಗೆರೆಯ ಪಕ್ಕದಲ್ಲೇ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರ್ತಾರೆ, ಇಲ್ಲಿ ಗಡಿ ನದಿಯ ನಡುವೆ, ಇಲ್ಲಿ ಗೋಡೆಯ ಮುಖಕ್ಕೆ, ಇಲ್ಲಿ ಬೇಲಿಯ ಬುಡಕ್ಕೆ. ಕೆಲವು ಕಡೆ ಅಳಿಸಿಹೋಗಿದೆ ಅಂತಲೂ ಬರೆದಿರತ್ತೆ. ಎಂಥ ಪ್ರಾಮಾಣಿಕ ಜನ ಅನ್ನಿಸ್ತಿತ್ತು. ಬೇಲಿ ಅಂದರೆ ನಮ್ಮ ಕಳ್ಳಿಬೇಲಿ ಅಲ್ಲ, ಮಣ್ಣಿನ ದಿಬ್ಬ, ಅದರ ಮೇಲೆ ಮುಳ್ಳುಗಿಡ. ಅಂದರೆ ಸಾಕ್ಷಾತ್ ಬದು! ನಾನು ಭೂತಗನ್ನಡಿ ಹಿಡಿದು ಬೇಲಿ ಬುಡ ಹುಡುಕ್ತಾ ಕೂತರೆ ಶೆಟ್ರು ಊಟಕ್ಕೆ ಕರೆದರೂ ಕೇಳಿಸ್ತಿರಲಿಲ್ಲ.

ಈಗ ಆ ಊರಿನ ವಿಷಯ. ಅದು ಕಾನರ್ ಹುಟ್ಟಿದ ಊರು. ಹಳೇ ಪೇಟೆ ನದಿಯ ಈ ದಡದಲ್ಲಿ, ಸೇತುವೆ ದಾಟಿದರೆ ಬೇರೆ ಕೌಂಟಿ. ಆಚೆ ದಡದ ಜನ ಬ್ರೆಡ್ಡು ಕೊಳ್ಳೋದು ಈ ಪೇಟೆಯಲ್ಲಿ, ಡಾಕ್ಟರ ಹತ್ತಿರ ಬರೋದು ಈ ಪೇಟೆಗೆ, ಆದರೆ ಆಟದ ದಿನ ಕೈಯಲ್ಲಿ ನಮ್ಮ ಹಾಕಿ ಥರದ ಕೋಲು ಹಿಡಿದು ಬೇರೆ ಬಣ್ಣದ ಅಂಗಿ ಹಾಕಿಕೊಂಡು ಈ ದಡದವರನ್ನು ಸೋಲಿಸೋಕೆ ನಿಲ್ಲೋರಂತೆ. ಅದು ಹಳೇ ಗೆರೆಯ ಕಥೆ. ಪೇಟೆಯ ಸುತ್ತ ಇನ್ನೊಂದು ಗೆರೆ, ಟೌನ್ ಕೌನ್ಸಿಲಿನ ಎಲ್ಲೆ, ನಮ್ಮ ಪುರಸಭೆ ಎಲ್ಲೆ ಇದ್ದ ಹಾಗೆ. ಕುದುರೆಗಾಡಿ ಕಾಲದಲ್ಲಿ ಎಳೆದದ್ದು. ಈಗ ಮನೆ ಕಟ್ಟೋರೆಲ್ಲ ಆ ಗೆರೆಯಿಂದ ಒಂದು ಹೆಜ್ಜೆ ಆಚೆಗೇ ಕಟ್ಟೋರು, ಯಾಕಂದ್ರೆ ಟೌನಿನವರು ನೂರೆಂಟು ಕೇಳ್ತಾರೆ, ಕೌಂಟಿಯವರು ಬೇಗ ಸಹಿ ಹಾಕ್ತಾರೆ. ಇಡ್ಲಿ ತಟ್ಟೆಯ ಗುಳಿ ತುಂಬಿ ಹಿಟ್ಟು ಪಕ್ಕಕ್ಕೆ ಚೆಲ್ಲಿದ ಹಾಗೆ ಊರು ಗೆರೆಯಾಚೆ ಬೆಳೆದುಬಿಟ್ಟಿತ್ತು. ನಮ್ಮ ಕಡೆ ಪಂಚಾಯ್ತಿ ಸೈಟು ತಗೊಂಡು ನೀರಿಗೂ ದೀಪಕ್ಕೂ ಅಲೆಯೋರನ್ನ ನೀವು ನೋಡಿಲ್ವೇ? ಹಾಗೇ.

ಅಂಥ ಒಂದು ಬಡಾವಣೆ, ನಲವತ್ತು ಮನೆ. ಕಡೇ ಸಾಲಿನಲ್ಲಿ ಕಾನರ್ ಮನೆ. ಒಂದು ಕಾಲಕ್ಕೆ ಅದು ಅವರ ಚಿಕ್ಕಪ್ಪನ ಹೊಲವಂತೆ, ಚಿಕ್ಕವರಿದ್ದಾಗ ಹಸು ಹೊಡೆದುಕೊಂಡು ಹೋಗ್ತಿದ್ದ ಜಾಗವಂತೆ. ಅವರ ಹೆಂಡತಿ ನೋರಾ ಆಗಲೇ ಆ ಮನೆಯಲ್ಲಿ ಒಬ್ಬಳೇ ಇದ್ದಳು. ರಸ್ತೆಗೆ ಟಾರಿಲ್ಲ, ಕಂಬ ಇದೆ ದೀಪ ಇಲ್ಲ, ಕೊಳಚೆ ನೀರು ಒಂದು ತೊಟ್ಟಿಗೆ. ಟೌನಿನವರು ನಮ್ಮ ಎಲ್ಲೆಯಲ್ಲಿಲ್ಲ ಅಂತಾರೆ, ಕೌಂಟಿಯವರು ಬಿಲ್ಡರ್ ಪೂರ್ತಿ ಮಾಡ್ಲಿ ಅಂತಾರೆ. ಹದಿನಾಲ್ಕು ವರ್ಷದಿಂದ ಗಂಡ ಸೌದಿ, ಬಹ್ರೇನು, ಕತಾರು. ಪ್ರತಿ ಕ್ರಿಸ್ಮಸ್ಸಿಗೂ ಮುಂದಿನ ವರ್ಷ ಬಂದುಬಿಡ್ತೀನಿ ಅಂತ ಮಾತು. ನೋರಾ ಬೇಸತ್ತಿದ್ದಳು.

ಇಲ್ಲಿ ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ ಟೌನ್ ಕೌನ್ಸಿಲು ಎಲ್ಲೆ ಹಿಗ್ಗಿಸೋಕೆ ಅರ್ಜಿ ಹಾಕಿತು. ಒಳಗೆ ಬಂದ ಮನೆಗಳಿಗೆಲ್ಲ ರಸ್ತೆ, ದೀಪ, ಚರಂಡಿ ಅವರದೇ ಜವಾಬ್ದಾರಿ. ನಕ್ಷೆ ಕೆಲಸ ನಮ್ಮ ಆಫೀಸಿಗೇ ಬಂತು. ಕಾನರ್ ಆವತ್ತು ಎಲ್ಲರಿಗೂ ಸಮೋಸಾ ತರಿಸಿದರು. ಫೋನಿನಲ್ಲಿ ನೋರಾಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: "ಮನೆ ಗೆರೆಯೊಳಗೆ ಬಂದ ದಿನವೇ ಟಿಕೆಟ್ ತಗೋತೀನಿ. ಈ ಸಲ ದೇವರಾಣೆ."

ಆ ಬುಧವಾರ ಸಂಜೆ ಅವರು ಒಂದು ಹಳೇ ಹಾಳೆಯ ಪ್ರತಿ ಮೇಲೆ ಕೆಂಪು ಪೆನ್ಸಿಲಿನಲ್ಲಿ ಹೊಸ ಎಲ್ಲೆ ಎಳೆದು ನನ್ನ ಮೇಜಿನ ಮೇಲಿಟ್ಟರು. "ಇದನ್ನ ಕಂಪ್ಯೂಟರಿಗೆ ಹಾಕು. ಶುಕ್ರವಾರ ಅಲ್ಲಿ ಕಡೇ ದಿನ. ನಾಳೆ ನಾನು ರಾಸ್ ಲಫಾನಿನಲ್ಲಿ ಮೀಟಿಂಗಿನಲ್ಲಿರ್ತೀನಿ." ನಮಗೆ ಶುಕ್ರವಾರ ರಜ, ಐರ್ಲೆಂಡಿನವರಿಗೆ ಕೆಲಸದ ದಿನ. ಅಂದರೆ ಗುರುವಾರ ಸಂಜೆ ನಾವು ಕಳಿಸಿದ್ದೇ ಕಟ್ಟಕಡೆಯದು, ಅವರು ಹಾಗೇ ಒಪ್ಪಿಸಿಬಿಡ್ತಾರೆ.

ಗುರುವಾರ ಕೂತೆ. ಕೆಂಪು ಗೆರೆ ಚೆನ್ನಾಗೇ ಬರ್ತಾ ಇತ್ತು, ನದಿ, ಗೋಡೆ, ಆಮೇಲೆ ಬೇಲಿ. ಒಂದು ಕಡೆ ಬಂದು ಬೇಲಿ ಬಿಟ್ಟು ಸರಕ್ಕನೆ ಹೊಲದೊಳಗೆ ಹೊಟ್ಟೆ ಬಿಟ್ಟುಕೊಂಡು ಹೋಗಿ ಮತ್ತೆ ಬೇಲಿಗೆ ಸೇರಿತ್ತು. ಒಂದು ಟೌನ್‌ಲ್ಯಾಂಡನ್ನ ಎರಡು ಹೋಳು ಮಾಡಿ! ಹಾಳೆ ಹಳೇದು, ಅದರಲ್ಲಿ ಬಡಾವಣೆಯೇ ಇರಲಿಲ್ಲ, ನನ್ನ ಕಣ್ಣಿಗೆ ಕಂಡದ್ದು ಬರೀ ಖಾಲಿ ಹೊಲ. ಪಾಪ, ಅವಸರದಲ್ಲಿ ಪೆನ್ಸಿಲ್ ಜಾರಿದೆ ಅಂದುಕೊಂಡೆ. ಅಣ್ಣನ ಮಗಳು ನಾನು. ಉಳೋ ಹೊಲದ ಮಧ್ಯೆ ಗೆರೆ ಎಳೀತೀನಾ? ಬೇಲಿ ಬುಡ ಹಿಡಿದು ನೇರಕ್ಕೆ ತಂದುಬಿಟ್ಟೆ. ಎಷ್ಟು ಚೆನ್ನಾಗಿ ಕೂತಿತು ಅಂತೀರಿ!

ಫೋನ್ ಮಾಡಿದೆ. ಮೀಟಿಂಗಿನ ಮಧ್ಯೆ ಪಿಸುಮಾತಿನಲ್ಲಿ, "ನೀನು ನೋಡಿದ್ದೀಯಲ್ಲ? ಹಾಗಾದರೆ ಕಳಿಸು" ಅಂದರು. ಹೊಲದ ವಿಷಯ ಕೇಳೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಇಷ್ಟು ಸಣ್ಣದಕ್ಕೆ ಯಾಕೆ ತೊಂದರೆ ಕೊಡೋದು ಅಂತ ಬಿಟ್ಟೆ. ಶೆಟ್ರು ಗಡಿಯಾರ ನೋಡಿ, "ಯಲ್ಲಾ, ಬೇಗ ಮೇಡಂ, ನಾಲ್ಕೂವರೆ ಆಯ್ತು, ಕಳಿಸಿದ್ರೆ ಖಲಾಸ್" ಅಂದರು. ಕಾನರ್ ಸಹಿಯ ಚಿತ್ರ ಅಂಟಿಸಿ ಕಳಿಸಿದೆವು. ಮನೆಗೆ ಬಂದ ನಮ್ಮನೆಯವರ ಹತ್ತಿರ, "ರೀ, ಇವತ್ತು ಅಣ್ಣ ಇದ್ದಿದ್ದರೆ ಬೆನ್ನು ತಟ್ಟೋರು" ಅಂತ ಜಂಬ ಬೇರೆ ಕೊಚ್ಚಿಕೊಂಡೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡ್ಕೋಬೇಕು ಅನ್ನಿಸತ್ತೆ.

ಭಾನುವಾರ ಬೆಳಿಗ್ಗೆ ಕಾನರ್ ಲೋಟ ಹಿಡ್ಕೊಂಡೇ ನಕ್ಷೆ ತೆರೆದರು. ಲೋಟ ಕೆಳಗಿಟ್ಟರು. ಒಂದೊಂದೇ ಮನೆ ಮೇಲೆ ಬೆರಳಿಟ್ಟು ಎಣಿಸಿ, "ಹನ್ನೊಂದು ಮನೆ" ಅಂದರು. "ಕಡೇ ಸಾಲು ಪೂರ್ತಿ ಹೊರಗಿದೆ. ನನ್ನದೂ." ಖಾಲಿ ಹೊಲ ಅಂದುಕೊಂಡ ಜಾಗದಲ್ಲಿ ನೋರಾ ಕೂತಿದ್ದಾಳೆ ಅಂತ ನನಗೆ ಹೊಳೆದದ್ದು ಆಗ.

"ವನಜಾ, ನನ್ನ ಸ್ಕೆಚ್ ಕೊಡು."

ಸ್ಕೆಚ್ಚು ನನ್ನ ಮೇಜಿನ ಡ್ರಾಯರಿನಲ್ಲಿತ್ತು, ನನ್ನ ಮೊಣಕಾಲಿಗೆ ಒಂದು ಗೇಣು ದೂರ. ಬಾಯಿ ತೆರೆದೆ. "ಇಲ್ಲೇ ಎಲ್ಲೋ ಇತ್ತು ಸರ್, ನೋಡ್ತೀನಿ" ಅಂತ ಬಂತು. ನೋಡೋ ನಾಟಕವನ್ನೂ ಆಡಿದೆ. ಕಪಾಟು ತೆಗೆದೆ, ಕಸದ ಬುಟ್ಟಿ ಸುರಿದೆ. ಪಾಪದ ಶೆಟ್ರು ಪ್ಲಾಟರಿನ ಅಡಿಯಲ್ಲಿ ಹೊಟ್ಟೆ ಮೇಲೆ ಮಲಗಿ ಹುಡುಕಿದರು. ನನ್ನ ವೀಸಾ ಕಂಪನಿಯದು, ಕೆಲಸದವರನ್ನ ಕಡಿಮೆ ಮಾಡೋ ಸುದ್ದಿ ಇತ್ತು, ಅಣ್ಣನ ಹೆಸರಿಗೆ ಮಸಿ ಬಳಿದ ಹಾಗಾಗತ್ತೆ, ಇವೆಲ್ಲ ಆಮೇಲೆ ನಾನು ಹುಡುಕಿಕೊಂಡ ಕಾರಣ. ಆ ಗಳಿಗೆಯಲ್ಲಿ ನನಗೆ ಹೆದರಿಕೆಯಾಯ್ತು, ಅಷ್ಟೇ.

ಅರ್ಧ ಗಂಟೆ ಆದ ಮೇಲೆ ಕಾನರ್, "ಬಿಡಿ, ಹುಡುಕಬೇಡಿ" ಅಂದರು. "ತಪ್ಪು ನನ್ನದೇ. ಆ ಬೇಲಿ ನನಗೆ ಐದು ವರ್ಷದ ಹುಡುಗ ಆಗಿದ್ದಾಗಿನಿಂದ ಗೊತ್ತು. ಹಸು ಹಿಂದೆ ದಿನಾ ಅದರ ಪಕ್ಕದಲ್ಲೇ ನಡೀತಿದ್ದೆ. ಪೆನ್ಸಿಲ್ ಹಿಡಿದ ಕೈ ತಾನೇ ಅದರ ಜೊತೆ ನಡೆದುಬಿಟ್ಟಿದೆ." ಅವರು ಹೀಗಂದಾಗ ಏನಾಯ್ತು ನನಗೆ ಅಂತ ಹೇಳ್ಲಾ? ಹಾಯ್ ಅನ್ನಿಸಿತು. ದೇವರೇ, ಹಾಯ್ ಅನ್ನಿಸಿತು. ಸಂಜೆ ಸ್ಕೆಚ್ಚನ್ನು ಮಡಿಸಿ ಊಟದ ಡಬ್ಬಿ ಚೀಲದಲ್ಲಿಟ್ಟು ಮನೆಗೆ ತಂದು ಸೂಟ್‌ಕೇಸಿನ ತಳಕ್ಕೆ ಹಾಕಿದೆ.

ತಿದ್ದಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಅವರೂ ಕೇಳಿದರು. ಐರ್ಲೆಂಡಿನ ಹೆಡ್ಡಾಫೀಸಿನವರು ಆಗಲ್ಲ ಅಂದುಬಿಟ್ಟರು. ಕಡೇ ದಿನ ಮುಗಿದಿದೆ. ಈಗ ತಿದ್ದು ಅಂತ ಕೇಳೋನು ಯಾರು, ಆ ಸಾಲಿನಲ್ಲೇ ಮನೆ ಇರೋನು. ಸ್ವಂತ ಮನೆಗಾಗಿ ಊರಿನ ಗೆರೆ ಬಗ್ಗಿಸಿದ ಅಂತಾರೆ. ಮೂಲ ಸ್ಕೆಚ್ಚಿದ್ದರೆ ತೋರಿಸು, ನಕ್ಷೆ ಬರೆಯುವಾಗ ಆದ ತಪ್ಪು ಅಂತ ಸಾಧಿಸಬಹುದು ಅಂದರಂತೆ. ಇದನ್ನು ಅವರು ನನಗೆ ಹೇಳಿದ್ದು ನನ್ನ ಮೇಜಿಗೆ ಒರಗಿ ನಿಂತು. ನನಗೆ ಇನ್ನೊಂದು ಅವಕಾಶ ಸಿಕ್ಕಿತ್ತು, ನೋಡಿ. ಮನೆಗೆ ಹೋಗಿ ಸೂಟ್‌ಕೇಸ್ ತೆಗೆದೆ, ಮುಚ್ಚಿದೆ. ಈಗ ತಂದುಕೊಟ್ಟರೆ ಭಾನುವಾರ ಎಲ್ಲಿತ್ತು ಅಂತ ಕೇಳಲ್ವೇ?

ಮರುವರ್ಷ ಆದೇಶ ಬಂತು. ಇಪ್ಪತ್ತೊಂಬತ್ತು ಮನೆ ಒಳಗೆ, ಹನ್ನೊಂದು ಹೊರಗೆ. ಅಷ್ಟರಲ್ಲಿ ಅಲ್ಲಿ ಮನೆ ಕಟ್ಟೋ ಹುಚ್ಚು ಇಳಿದು ಬಿಲ್ಡರ್ ಬಾಗಿಲು ಹಾಕಿಕೊಂಡು ಹೋಗಿದ್ದ. ಟೌನಿನವರು ಟಾರು ಹಾಕ್ತಾ ಬಂದು ಇಪ್ಪತ್ತೊಂಬತ್ತನೇ ಮನೆ ಗೇಟಿಗೆ ನಿಲ್ಲಿಸಿದರು. ದೀಪವೂ ಅಲ್ಲಿಯವರೆಗೇ. ಹನ್ನೊಂದು ಮನೆಗೋಸ್ಕರ ಲಾರಿ ಕಳಿಸಲ್ಲ ಅಂದರು ಕೌಂಟಿಯವರು. ಆ ಸಾಲಿನ ಆರು ಮನೆಯವರು ಬೀಗ ಹಾಕಿ ಹೊರಟೇಹೋದರು. ಇಲ್ಲಿ ನಮ್ಮ ಆಫೀಸಿನಲ್ಲಿ ಅರ್ಧ ಜನರನ್ನು ತೆಗೆದರು, ಕಾನರ್ ಹೆಸರು ಮೊದಲು. ತಮ್ಮ ತಪ್ಪನ್ನ ತಾವೇ ಬರೆದುಕೊಟ್ಟಿದ್ದರಲ್ಲ, ಆ ಕಾಗದ ಫೈಲಿನಲ್ಲಿತ್ತು. ನನ್ನನ್ನ ಉಳಿಸಿಕೊಂಡರು.

ಅವರು ಮೇಜು ಖಾಲಿ ಮಾಡಿ ಹೋದ ವಾರ ಆಫೀಸಿನ ಫೋನ್ ಹೊಡ್ಕೊಂಡಿತು. ನಾನೇ ಎತ್ತಿದೆ. ನೋರಾ. ಅವರು ಇಲ್ಲ ಅಂದೆ.

"ಗೊತ್ತು. ನಿನ್ನ ಹತ್ತಿರವೇ ಮಾತಾಡಬೇಕಿತ್ತು" ಅಂದಳು. "ನೀನು ಅವನ ಪಕ್ಕದಲ್ಲಿ ಕೂತು ಕೆಲಸ ಮಾಡಿದೋಳು. ನನಗೆ ಒಂದು ವಿಷಯ ಹೇಳು. ಮೂವತ್ತು ವರ್ಷದಿಂದ ನೋಡಿದ್ದೀನಿ, ಅವನ ಕೈ ಒಂದು ಗೆರೆ ತಪ್ಪಿದ್ದ ನಾನು ಕಂಡಿಲ್ಲ. ನಮ್ಮ ಮನೆ ವಿಷಯದಲ್ಲೇ ತಪ್ಪಿತು ಅಂತಾನೆ. ಮನೆ ಒಳಗೆ ಬಂದ ದಿನ ಬರ್ತೀನಿ ಅಂದಿದ್ದ. ಬರಬಾರದು ಅಂತಲೇ ಹೊರಗೆ ಬಿಟ್ಟನಾ? ಆ ಸ್ಕೆಚ್ಚನ್ನ ನೀನು ಕಣ್ಣಾರೆ ನೋಡಿದೆಯಾ? ಗೆರೆ ಎಳೆದದ್ದು ಅವನೇನಾ?"

ಶೆಟ್ರು ಎದುರಿಗೇ ಸ್ಟೇಪ್ಲರ್‌ಗೆ ಪಿನ್ನು ತುಂಬಿಸ್ತಾ ಇದ್ದರು. ಹೊಸ ಮ್ಯಾನೇಜರು ಬಾಗಿಲ ಹತ್ತಿರ ನಿಂತಿದ್ದ.

"ಹೌದು ಮೇಡಂ. ಅವರೇ ಎಳೆದದ್ದು. ನಾನು ಅದ್ರ ಪ್ರಕಾರವೇ ಹಾಕಿದ್ದು" ಅಂದೆ.

"ಥ್ಯಾಂಕ್ಯೂ" ಅಂದಳು. ಜಗಳ ಇಲ್ಲ, ಅಳು ಇಲ್ಲ. ಎರಡು ತಿಂಗಳಲ್ಲಿ ಮನೆಗೆ ಬೀಗ ಹಾಕಿ ಕೆನಡಾದಲ್ಲಿರೋ ತಂಗಿ ಮನೆಗೆ ಹೊರಟುಹೋದಳು. ಕಾನರ್ ಯಾವುದೋ ಕಂಟ್ರಾಕ್ಟರ್ ಹತ್ತಿರ ಸಣ್ಣ ಕೆಲಸ ಹಿಡಿದು ನಮ್ಮ ಬೀದಿಗೇ ಬಂದರು. ನಮ್ಮನೆಯವರು ಬೇಕರಿ ಮುಂದೆ ಕಂಡು, ಪಾಪ ಒಂಟಿ ಮನುಷ್ಯ ಅಂತ ಊಟಕ್ಕೆ ಕರೆದರು. ಈ ಶುಕ್ರವಾರಗಳು ಶುರುವಾದದ್ದು ಹಾಗೆ.

ಈ ಸಲ ನಾನು ನಿಜವಾಗಿ ಗಟ್ಟಿ ಮನಸ್ಸು ಮಾಡಿದ್ದೆ, ನಂಬಿ. ಶೆಲ್ಫ್ ಒರೆಸಿ ಕೈ ತೊಳ್ಕೊಂಡು ರೂಮಿಗೆ ಹೋಗಿ ಸೂಟ್‌ಕೇಸಿನಿಂದ ಸ್ಕೆಚ್ ತೆಗೆದು ಹಾಸಿಗೆ ಮೇಲಿಟ್ಟೆ. ಊಟ ಆಗ್ಲಿ, ಹಸಿದ ಹೊಟ್ಟೆಯಲ್ಲಿ ಬೇಡ, ಚಹಾ ಕೊಟ್ಟ ಮೇಲೆ ಕೈಗೆ ಕೊಟ್ಟುಬಿಡೋದು. ನೋರಾ ನಂಬರೂ ಇವರೇ ಹೇಳ್ತಾರೆ, ನಾನೇ ಫೋನ್ ಮಾಡಿ ಹೇಳೋದು. ಬೈದರೆ ಬೈಲಿ. ಕೆಲಸ ಹೋದರೆ ಹೋಗ್ಲಿ.

ಕಾನರ್ ಹೊಸದಾಗಿ ಕ್ಷೌರ ಮಾಡಿಸಿಕೊಂಡು ಬಂದಿದ್ದರು. ನಮ್ಮನೆಯವರು ಕಂಪನಿ ಬಸ್ಸಿನ ಏಸಿ ಕೆಟ್ಟ ಕಥೆ ಹೇಳಿದರು, ಅವರು ನಕ್ಕರು. ಬೂಂದಿ ಹಾಕ್ಕೊಂಡು ಎರಡು ತುತ್ತು ತಿಂದು, ಚಮಚ ತಟ್ಟೆಯಲ್ಲಿಟ್ಟು, "ನಿನ್ನೆ ನೋರಾ ಹತ್ತಿರ ಮಾತಾಡಿದೆ" ಅಂದರು. "ಒಂದು ವರ್ಷದ ಮೇಲೆ ಫೋನ್ ಎತ್ತಿದಳು."

ನಾನು ಸೌಟು ಹಿಡಿದು ನಿಂತೇ ಇದ್ದೆ.

"ಬೇಕೂಂತಲೇ ಮಾಡಿದೆ ಅಂತ ಒಪ್ಪಿಕೊಂಡುಬಿಟ್ಟೆ ವನಜಾ. ಅವಳು ಮೊದಲಿಂದ ಹಾಗೇ ಹೇಳ್ತಿದ್ದಳು, ನಾನು ಕೂಗಾಡ್ತಿದ್ದೆ. ಆಮೇಲೆ ಕೂತು ಯೋಚನೆ ಮಾಡಿದೆ. ಆ ಸ್ಕೆಚ್ ಎಳೆದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಸಾಲಿನ ಸುತ್ತ ಬಳಸಿ ಬಂದದ್ದೂ ನೆನಪಿದೆ ಅನ್ನಿಸತ್ತೆ. ಆದರೆ ನಕ್ಷೆಯಲ್ಲಿ ಇಲ್ಲ. ಅಂದರೆ ನೆನಪು ಸುಳ್ಳು. ಹದಿನಾಲ್ಕು ವರ್ಷ ಪ್ರತಿ ಸಲ ಏನಾದ್ರೂ ನೆಪ ಹೇಳಿ ಉಳ್ಕೊಂಡೋನು ನಾನು. ನನ್ನ ಕೈಗೇ ಮನೆಗೆ ಹೋಗೋದು ಬೇಡವಾಗಿತ್ತೇನೋ. ಅವಳಿಗೆ ಅದು ನನಗಿಂತ ಮೊದಲೇ ಗೊತ್ತಾಗಿದೆ. ಹಾಗಂತಲೇ ಹೇಳಿದೆ. ಅತ್ತಳು. ಇಷ್ಟು ದಿನಕ್ಕೆ ನಿಜ ಹೇಳಿದೆಯಲ್ಲ ಅಂದಳು. ಇನ್ನು ಫೋನ್ ಮಾಡಬೇಡ ಅಂದಳು."

ನಮ್ಮನೆಯವರು ತಲೆ ತಗ್ಗಿಸಿಕೊಂಡು ಕೂತಿದ್ದರು. ರೂಮಿನ ಬಾಗಿಲು ತೆರೆದೇ ಇತ್ತು. ನಾನು ನಿಂತಲ್ಲಿಂದ ಹಾಸಿಗೆ ಮೇಲಿನ ಹಾಳೆ ಕಾಣ್ತಿತ್ತು, ಕೆಂಪು ಗೆರೆಯೂ.

ಕಾನರ್ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿ ನಗೋಕೆ ನೋಡಿದರು. "ನೀನು ಅವತ್ತು ಎಷ್ಟು ಹುಡುಕಿದೆ, ಪಾಪ. ಆ ಸ್ಕೆಚ್ ಸಿಗದೇ ಇದ್ದದ್ದೇ ಒಳ್ಳೇದಾಯ್ತು ಬಿಡು. ನನ್ನ ಕೈಬರಹದಲ್ಲಿ ಅದನ್ನ ನೋಡೋ ಶಕ್ತಿ ನನಗಿರಲಿಲ್ಲ."

"ಇನ್ನೊಂದು ಚೂರು ಹಾಕ್ತೀನಿ ಸರ್" ಅಂದೆ. ಅವರು ತಟ್ಟೆ ಮುಂದೆ ಹಿಡಿದರು, ಹಾಕಿದೆ.